ಮೆಡಿಕಲ್ ಅಕ್ಕಾರು ಕೊಟ್ಟ ಪುಡಿ

ದುಡ್ಡು ಕೊಟ್ಟ ಮೇಲೂ ಔಷಧಿಯ ಪೊಟ್ಟಣದ ಮೇಲಿಂದ ಕೈ ತೆಗೆಯದ ಅಂಗಡಿಕಾರರನ್ನು ನಾನು ಕಂಡದ್ದು ಒಬ್ಬರನ್ನೇ. ಬ್ಯಾಡಗಿಯ ಬಸ್ ನಿಲ್ದಾಣದಿಂದ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ ಅವರದೊಂದು ಸಣ್ಣ ಔಷಧಿ ಅಂಗಡಿ ಇತ್ತು. ಹೆಸರು ಶಕುಂತಲಾ. ಊರಿಗೆಲ್ಲ ಮೆಡಿಕಲ್ ಅಕ್ಕಾರು. ಚೀಟಿ ಕೊಟ್ಟರೆ ಮಾತ್ರೆಗಳನ್ನು ಕತ್ತರಿಸಿ ಕವರಿಗೆ ಹಾಕಿ, ಅದನ್ನು ಕೌಂಟರಿನ ಮೇಲಿಟ್ಟು, ಅದರ ಮೇಲೆ ಎಡಗೈ ಊರಿ, ಹೇಗೆ ತೆಗೆದುಕೊಳ್ಳಬೇಕೆಂದು ಹೇಳುತ್ತಿದ್ದರು. ಹೇಳಿ ಮುಗಿದರೂ ಕೈ ಏಳುತ್ತಿರಲಿಲ್ಲ. "ಈಗ ನೀವು ಹೇಳ್ರಿ" ಎನ್ನುತ್ತಿದ್ದರು. ನಾವು ಪಾಠ ಒಪ್ಪಿಸಬೇಕು. ತಪ್ಪಿದರೆ ಮತ್ತೆ ಮೊದಲಿಂದ.

ಹಿಂದೆ ಹತ್ತು ಜನ ನಿಂತಿರಲಿ, ಬಸ್ಸು ಹಾರ್ನ್ ಹೊಡೆಯುತ್ತಿರಲಿ, ಅವರಿಗೆ ಅದರ ಖಬರೇ ಇರುತ್ತಿರಲಿಲ್ಲ. ಬೆಳ್ಳಗಿನ ಗಿಡ್ಡ ಹೆಂಗಸು, ದಪ್ಪ ಕನ್ನಡಕ, ಸದಾ ನೂಲಿನ ಸೀರೆ. ಮೇಡ್ಲೇರಿ ಕಡೆಯ ರೈತರ ಮಗಳು, ಹುಬ್ಬಳ್ಳಿಯಲ್ಲಿ ಫಾರ್ಮಸಿ ಓದಿದವರು. ಗಂಡ ತೀರಿಕೊಂಡ ಮೇಲೆ ಈ ಊರಿಗೆ ಬಂದು ಅಂಗಡಿ ಹಾಕಿ, ಅದರ ಹಿಂದಿನ ಒಂದೇ ಕೋಣೆಯಲ್ಲಿ ಇದ್ದರು. ಮಕ್ಕಳಿರಲಿಲ್ಲ. ಅಂಗಡಿ ಮತ್ತು ಅಂಗಡಿಗಿದ್ದ ಹೆಸರು, ಇವೆರಡೇ ಅವರ ಆಸ್ತಿ. ಅಕ್ಕಾರ ಅಂಗಡಿಯಲ್ಲಿ ಕೆಟ್ಟ ಔಷಧಿ ಸಿಗುವುದಿಲ್ಲ ಎಂಬ ಮಾತು ಊರಲ್ಲಿ ಇದ್ದದ್ದರಿಂದಲೇ ಜನ ಬೈದುಕೊಳ್ಳುತ್ತಲೇ ಅಲ್ಲಿಗೆ ಹೋಗುತ್ತಿದ್ದರು. ಆ ಹೆಸರನ್ನು ಕೆಡಿಸಿದವನು ನಾನು. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಅವರನ್ನು ಕಂಡರೆ ಒಳಗೊಳಗೇ ಸಿಟ್ಟಿತ್ತು. ನಾನಾಗ ಊರ ಹೊರಗಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಸಾವಿರಾರು ಚೀಲ ಮೆಣಸಿನಕಾಯಿ ನನ್ನ ಸುಪರ್ದಿಯಲ್ಲಿ ತಣ್ಣಗೆ ಮಲಗಿರುತ್ತಿದ್ದವು. ಕರೆಂಟು ಹೋದರೆ ಜನರೇಟರ್ ಹಚ್ಚಿಸಬೇಕು, ಕೋಣೆ ಕೋಣೆಗೆ ಹೋಗಿ ಉಷ್ಣತೆ ನೋಡಬೇಕು. ಥಂಡಿಯ ವಿಷಯದಲ್ಲಿ ಬ್ಯಾಡಗಿಯಲ್ಲಿ ನನ್ನಷ್ಟು ತಿಳಿದವರು ಯಾರಿದ್ದಾರೆ ಎಂಬ ಜಂಬ ಬೇರೆ. ಅಂಥವನನ್ನು ಒಂದು ಕೆಮ್ಮಿನ ಔಷಧಿಗಾಗಿ ಶಾಲೆಯ ಹುಡುಗನ ಹಾಗೆ ನಿಲ್ಲಿಸಿ ಒಪ್ಪಿಸು ಎಂದರೆ ಹೇಗಾಗಬೇಡ?

ಒಮ್ಮೆ ಮಾತ್ರ ಅಲ್ಲಿ ನಿಂತು ಹೊಟ್ಟೆ ತುಂಬ ನಕ್ಕಿದ್ದೆ. ಮಾರುಕಟ್ಟೆಯ ದಲಾಲಿ ಸಾವುಕಾರರೊಬ್ಬರಿಗೆ ಹೊಟ್ಟೆ ಸರಿ ಇರಲಿಲ್ಲ. ಡಾಕ್ಟರು ಪ್ರೊಬಯೋಟಿಕ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ಆಗಿನ್ನೂ ನಮ್ಮ ಕಡೆ ಆ ಹೆಸರು ಹೊಸದು. ಸಾವುಕಾರರು ತಮ್ಮ ಆಳನ್ನು ಕಳಿಸಿ ಔಷಧಿ ತರಿಸಿಕೊಂಡು ಹದಿನೈದು ದಿನ ನುಂಗಿ, ಏನೂ ಗುಣವಿಲ್ಲವೆಂದು ಜಗಳಕ್ಕೇ ಬಂದಿದ್ದರು. ಅಕ್ಕಾರು ಕೇಳಿದ್ದು ಒಂದೇ ಪ್ರಶ್ನೆ: ಯಾತರ ಜೋಡಿ ತಗೋತೀರಿ? ಮುಂಜಾನೆ ಸುಡು ಸುಡು ಚಹಾದ ಜೋಡಿ ಎಂದರು ಸಾವುಕಾರರು, ಇದರಲ್ಲೇನು ಕೇಳುವುದು ಎಂಬಂತೆ.

"ಹಂಗಾದ್ರ ಹದಿನೈದು ದಿನ ನೀವು ಬರೇ ಹೆಣಾ ನುಂಗೀರಿ, ಸಾವ್ಕಾರ್ರ" ಎಂದರು ಅಕ್ಕಾರು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಇದರಾಗ ಜೀವ ಅದಾವ್ರಿ. ಮನ್ಯಾಗ ಹಾಲಿಗೆ ಹೆಪ್ಪು ಹಾಕೂಮುಂದ ಕುದಿಯೂ ಹಾಲಿಗೆ ಹಾಕ್ತಾರೇನು? ಹಾಲು ಆರಬೇಕು, ಬೆಚ್ಚಗ ಆಗಬೇಕು, ಆಮ್ಯಾಲೆ ಹೆಪ್ಪು. ಸುಡೂ ಹಾಲಿಗೆ ಹಾಕಿದ್ರ ಹೆಪ್ಪು ಸಾಯತೈತಿ, ಮೊಸರು ಆಗಂಗಿಲ್ಲ. ಇವೂ ಹಂಗ."

ಸುತ್ತ ನಿಂತ ಹೆಂಗಸರಿಗೆ ತಟ್ಟನೆ ತಿಳಿಯಿತು. ಗಂಡಸರು ನಾವು ಹೆಣದ ಮಾತಿಗೆ ನಕ್ಕೆವು, ಹೆಪ್ಪಿನ ಮಾತನ್ನು ಬಿಟ್ಟೆವು.

ಅದಾಗಿ ಒಂದು ವರ್ಷವೂ ಆಗಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿದ್ದ ಕಾಲ. ಮಾರ್ಚ್ ತಿಂಗಳು, ಮಾರುಕಟ್ಟೆಯ ತುಂಬ ಕೆಂಪು ರಾಶಿ, ಊರಿಗೇ ಸೀನು. ಮೂರು ವರ್ಷದ ನನ್ನ ಮಗಳು ಪಲ್ಲವಿಗೆ ಗಂಟಲು ಬಾತು ಜ್ವರ ಬಂದಿತ್ತು. ಡಾಕ್ಟರು ಐದು ದಿನಕ್ಕೆ ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟರು. ಎರಡು ದಿನಕ್ಕೆ ಜ್ವರ ಇಳಿಯಿತು, ಆದರೆ ಕೂಸಿಗೆ ಭೇದಿ ಹತ್ತಿತು. ಸೋಮವಾರ ಸಂಜೆ ಮತ್ತೆ ತೋರಿಸಿದಾಗ, ಈ ಔಷಧಿಗೆ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಸಿರಪ್ ನಿಲ್ಲಿಸಬೇಡಿ ಎಂದು ಹೇಳಿ ಓಆರ್‌ಎಸ್ ಮತ್ತು ಪ್ರೊಬಯೋಟಿಕ್ ಪುಡಿಯ ಪ್ಯಾಕೆಟ್ ಬರೆದರು.

ಸೋಮವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಾಟದ ಟೆಂಡರಿನ ದಿನ. ನಮ್ಮ ಗೋದಾಮಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ನಾನು ಅಕ್ಕಾರ ಅಂಗಡಿಗೆ ಓಡಿದೆ. ಕರೆಂಟು ಇರಲಿಲ್ಲ. ಅವರು ಪುಡಿಯ ಪ್ಯಾಕೆಟ್‌ಗಳನ್ನು ಫ್ರಿಜ್ಜಿನಿಂದಲ್ಲ, ಕೆಳಗಿಟ್ಟಿದ್ದ ಥರ್ಮಾಕೋಲ್ ಡಬ್ಬಿಯಿಂದ ತೆಗೆದರು. ಓಆರ್‌ಎಸ್ ಜೊತೆ ಕೌಂಟರಿನ ಮೇಲಿಟ್ಟು ಕೈ ಊರಿ ಶುರು ಮಾಡಿದರು. ಪುಡಿಯನ್ನು ಫ್ರಿಜ್ಜಿನಲ್ಲಿಡಬೇಕು. ಕುದಿಸಿ ಆರಿಸಿದ ಅರ್ಧ ಬಟ್ಟಲು ನೀರಿನಲ್ಲಿ ಕಲಸಬೇಕು, ಬಿಸಿ ಯಾವುದೂ ಕೂಡದು, ಕಲಸಿದ್ದನ್ನು ಇಟ್ಟುಕೊಳ್ಳದೆ ಆಗಲೇ ಕುಡಿಸಬೇಕು. ಸಿರಪ್ ಕೊಟ್ಟು ಎರಡು ತಾಸಾದ ಮೇಲೆ ಇದನ್ನು ಕೊಡಬೇಕು, ಒಮ್ಮೆಗೇ ಕೊಟ್ಟರೆ ಸಿರಪ್ಪು ಇದನ್ನು ಕೊಲ್ಲುತ್ತದೆ. ಎಲ್ಲಕ್ಕಿಂತ ದೊಡ್ಡದು ಓಆರ್‌ಎಸ್ ನೀರು. ಪುಡಿ ತಪ್ಪಿದರೂ ನಡೆದೀತು, ನೀರು ತಪ್ಪಬಾರದು. ಆ ಕಡೆಯ ಮಾತನ್ನು ಎರಡು ಸಲ ಹೇಳಿದರು. ಕೂಸು ಉಚ್ಚೆ ಹೊಯ್ಯುವುದು ಕಡಿಮೆಯಾದರೆ, ಕಣ್ಣು ಒಳಗೆ ಹೋದ ಹಾಗೆ ಕಂಡರೆ, ಹಾದಿ ನೋಡದೆ ಆಸ್ಪತ್ರೆಗೆ ಹೋಗಬೇಕು ಎಂದರು.

ನಾನು ಒಂದೂ ತಪ್ಪದೆ ಒಪ್ಪಿಸಿದೆ. ಕೈ ಎತ್ತಿದರು. ಪರೀಕ್ಷೆ ಮುಗಿದ ಕೂಡಲೇ ಎಲ್ಲ ಮರೆಯುವ ಜಾತಿಯವನು ನಾನು. ಓಣಿ ತಿರುಗುವಷ್ಟರಲ್ಲಿ ತಲೆಯಲ್ಲಿ ಲಾರಿಗಳು ಮಾತ್ರ ಉಳಿದವು.

ನನ್ನ ಹೆಂಡತಿ ಶೈಲಾ ಅಗಡಿಯ ಶಾಲೆಯಲ್ಲಿ ಟೀಚರು. ಮುಂಜಾನೆ ಹೋದರೆ ಬರುವುದು ಸಂಜೆಗೆ. ಹಗಲು ಕೂಸನ್ನು ನೋಡಿಕೊಳ್ಳುವವಳು ಅವ್ವ. ನಾನು ಪ್ಯಾಕೆಟ್‌ಗಳನ್ನು ನನ್ನ ಕೈಯಾರೆ ಫ್ರಿಜ್ಜಿನಲ್ಲಿಟ್ಟೆ, ಥಂಡಿಯ ಮನುಷ್ಯನಲ್ಲವೇ, ಅದೊಂದನ್ನು ಮರೆಯಲಿಲ್ಲ. ಅವ್ವನಿಗೆ ಹೇಳಿದ್ದು ಇಷ್ಟೇ: ಇದನ್ನು ದಿನಕ್ಕೆ ಎರಡು ಸಲ ಕೊಡು, ಭೇದಿ ನಿಲ್ಲುತ್ತದೆ.

ಅವ್ವ ತನಗೆ ತಿಳಿದಂತೆ ಮಾಡಿದಳು. ಗಂಟಲು ಬಾತ ಕೂಸಿಗೆ ಫ್ರಿಜ್ಜಿನಲ್ಲಿಟ್ಟ ತಣ್ಣನೆಯ ಪದಾರ್ಥ ಕೊಡುವುದುಂಟೇ? ಒಲೆಯ ಮೇಲಿಂದ ಇಳಿಸಿದ ಹಾಲಿಗೆ ಪುಡಿ ಹಾಕಿ ಕದಡಿದಳು. ಕೂಸು ಎರಡು ಸಲ ಅಳುವುದು ಬೇಡವೆಂದು ಸಿರಪ್ಪನ್ನೂ ಅದರ ಹಿಂದೆಯೇ ಕುಡಿಸಿದಳು. ಭೇದಿ ನಿಲ್ಲಿಸುವ ಪುಡಿ ಬಂದ ಮೇಲೆ, ಕೂಸು ಉಗುಳುತ್ತಿದ್ದ ಆ ಉಪ್ಪುಪ್ಪು ನೀರು ಏಕೆ ಎಂದು ಓಆರ್‌ಎಸ್ ಬಿಟ್ಟಳು. ಐವತ್ತು ವರ್ಷ ದಿನಾ ಹಾಲಿಗೆ ಹೆಪ್ಪು ಹಾಕಿದ ಕೈ ಅವಳದು, ಒಂದು ದಿನವೂ ಮೊಸರು ಕೆಟ್ಟದ್ದಿಲ್ಲ. ಪುಡಿಯಲ್ಲಿ ಜೀವವಿದೆ ಎಂಬ ಒಂದು ಮಾತನ್ನು ನಾನು ಅವಳ ಕಿವಿಗೆ ಹಾಕಿದ್ದರೆ ಉಳಿದದ್ದನ್ನು ಅವಳೇ ನನಗೆ ಕಲಿಸುತ್ತಿದ್ದಳು.

ಬುಧವಾರ ಸಂಜೆ ಶೈಲಾ ಕೂಸಿನ ಮುಖ ನೋಡಿ ಆಸ್ಪತ್ರೆಗೆ ಹೋಗೋಣ ಎಂದಳು. ಪುಡಿ ಶುರುವಾಗಿ ಎರಡೇ ದಿನ, ಬೆಳಗಿನವರೆಗೆ ನೋಡೋಣ ಎಂದವನು ನಾನು. ಗುರುವಾರ ಬೆಳಿಗ್ಗೆ ಪಲ್ಲವಿ ಎದ್ದೇಳಲಿಲ್ಲ. ಕರೆದರೆ ಕಣ್ಣು ತೆರೆಯುತ್ತಿದ್ದಳು, ಮತ್ತೆ ಮುಚ್ಚುತ್ತಿದ್ದಳು. ಅತ್ತರೆ ಕಣ್ಣಲ್ಲಿ ನೀರಿಲ್ಲ. ನಾಲಿಗೆ ಒಣಗಿ ಬಿರುಸಾಗಿತ್ತು. ಗೋದಾಮಿನ ಜೀಪಿನಲ್ಲಿ ಹಾವೇರಿಗೆ ಹೊರಟೆವು. ಮೋಟೆಬೆನ್ನೂರು ದಾಟಿ ಹೆದ್ದಾರಿ ಹಿಡಿದ ಮೇಲೆ ಶೈಲಾ ಒಂದೇ ಸಮನೆ ಕೂಸಿನ ಹೆಸರು ಹಿಡಿದು ಕರೆಯುತ್ತಿದ್ದಳು. ಅವ್ವ ಕೂಸಿನ ಅಂಗಾಲು ತಿಕ್ಕುತ್ತಿದ್ದಳು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮಕ್ಕಳ ಡಾಕ್ಟರು ನೋಡಿದ ಕೂಡಲೇ ಒಳಗೆ ಒಯ್ದರು. ರಕ್ತನಾಳ ಸಿಗದೆ ನರ್ಸು ಎರಡೂ ಕೈಗೆ, ಆಮೇಲೆ ಕಾಲಿಗೆ ಸೂಜಿ ಚುಚ್ಚಿದರು. ಕೂಸು ಅಳಲಿಲ್ಲ. ಮೈಯಲ್ಲಿ ನೀರಿಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಏನೂ ಹೇಳುವ ಹಾಗಿರಲಿಲ್ಲ, ಈಗಲೂ ಸಂಜೆಯವರೆಗೆ ನೋಡಬೇಕು ಎಂದರು ಡಾಕ್ಟರು.

ಮಧ್ಯಾಹ್ನ ಬಟ್ಟೆಬರೆ ತರಲು ನನ್ನನ್ನು ಊರಿಗೆ ಕಳಿಸಿದರು. ಜೀಪಿನಲ್ಲಿ ಒಬ್ಬನೇ ಕುಳಿತಾಗ ನನಗೆ ಯಾರ ಮೇಲಾದರೂ ಎರಗಬೇಕಿತ್ತು. ಆಗ ನೆನಪಾದದ್ದು ಕರೆಂಟಿಲ್ಲದ ಅಂಗಡಿ ಮತ್ತು ಆ ಥರ್ಮಾಕೋಲ್ ಡಬ್ಬಿ. ಆ ಬೇಸಿಗೆಯಲ್ಲಿ ದಿನಕ್ಕೆ ಆರೇಳು ತಾಸು ಕರೆಂಟು ತೆಗೆಯುತ್ತಿದ್ದರು. ಜನರೇಟರ್ ಇಲ್ಲದ ಕಡೆ ಥಂಡಿಯ ಪದಾರ್ಥ ಉಳಿಯುವುದು ಹೇಗೆ? ಪುಡಿ ಕೆಟ್ಟಿತ್ತು, ಕೆಟ್ಟ ಪುಡಿ ಕೂಸಿನ ಹೊಟ್ಟೆ ಹಾಳು ಮಾಡಿತು. ಲೆಕ್ಕ ಸರಿಹೋಯಿತು.

ಗುರುವಾರವೂ ಟೆಂಡರಿನ ದಿನವೇ. ಅಂಗಡಿಯ ಮುಂದೆ ಸುತ್ತ ಹಳ್ಳಿಗಳ ರೈತರು, ಹಮಾಲರು, ಹೆಂಗಸರು ನೆರೆದಿದ್ದರು. ಜೀಪು ನಿಲ್ಲಿಸಿ ಅವರನ್ನೆಲ್ಲ ಸರಿಸಿಕೊಂಡು ಹೋಗಿ ನಾನು ಬಾಯಿಗೆ ಬಂದದ್ದನ್ನು ಆಡಿದೆ. ಕೆಟ್ಟ ಔಷಧಿ ಮಾರಿ ನನ್ನ ಮಗಳನ್ನು ಸಾವಿನ ಬಾಯಿಗೆ ಹಾಕಿದಿರಿ ಎಂದೆ. ಊರಿಗೆಲ್ಲ ಪಾಠ ಹೇಳುವವರು ಒಂದು ಫ್ರಿಜ್ಜು ಕಾಯಲಾರಿರಿ ಎಂದೆ. ಇನ್ನೂ ಏನೇನೋ ಅಂದೆ, ಅವನ್ನು ಇಲ್ಲಿ ಬರೆಯಲಾರೆ. ಚೀಟಿ ಹಿಡಿದು ನಿಂತಿದ್ದ ಒಬ್ಬಿಬ್ಬರು ಚೀಟಿ ಮಡಿಚಿ ಜೇಬಿಗೆ ಹಾಕಿಕೊಂಡರು.

ಅಕ್ಕಾರು ಕೌಂಟರಿನ ಹಿಂದಿನಿಂದ ಹೊರಗೆ ಬಂದರು. "ಕೂಸು ಹೆಂಗೈತಿ?" ಎಂದರು. ಸಲೈನು ಹಚ್ಚಿದ್ದಾರೆ ಎಂದೆ. ಉಚ್ಚೆ ಹೊಯ್ದಿದ್ದಾಳೆಯೇ ಎಂದು ಕೇಳಿದರು. ಇಲ್ಲ ಎಂದೆ. ಅವರ ಮುಖ ಇಳಿಯಿತು. ಆಮೇಲೆ, ಪುಡಿ ಯಾರು ಕುಡಿಸಿದರು ಎಂದು ಕೇಳಿದರು. ನಮ್ಮವ್ವ, ಮತ್ತ್ಯಾರು, ಎಂದು ಇನ್ನಷ್ಟು ದನಿ ಏರಿಸಿದೆ. ಅಕ್ಕಾರು ಏನೋ ಕೇಳಲು ಬಾಯಿ ತೆರೆದವರು ಸುತ್ತಲಿನ ಜನರನ್ನು ನೋಡಿ ಸುಮ್ಮನಾದರು. ಲಗೂನೆ ಹೋಗಿ ಕೂಸಿನ ಹತ್ತಿರ ಇರಿ ಎಂದಷ್ಟೇ ಹೇಳಿದರು. ತಪ್ಪಿದ್ದಕ್ಕೇ ಮಾತಿಲ್ಲ ಎಂದು ಗುಂಪಿನಲ್ಲಿ ಯಾರೋ ಅಂದದ್ದು ನನಗೂ ಕೇಳಿಸಿತು, ಅವರಿಗೂ ಕೇಳಿಸಿರಬೇಕು.

ಸಂಜೆ ಐದರ ಹೊತ್ತಿಗೆ ಪಲ್ಲವಿ ಹಾಸಿಗೆ ಒದ್ದೆ ಮಾಡಿದಳು. ನರ್ಸು ನಕ್ಕರು, ಶೈಲಾ ಗೋಡೆಗೆ ಮುಖ ಮಾಡಿ ಅತ್ತಳು. ನಾನೂ ಅತ್ತೆ.

ಮರುದಿನ ಅಂಗಡಿ ಮುಚ್ಚಿಕೊಂಡು ಅಕ್ಕಾರು ಹಾವೇರಿಗೆ ಬಂದರು. ನಾನು ಬಾಗಿಲಲ್ಲೇ ತಡೆಯಬೇಕೆಂದಿದ್ದೆ, ಅಷ್ಟರಲ್ಲಿ ಅವರು ಒಳಗೆ ಹೋಗಿ ಅವ್ವನ ಪಕ್ಕದಲ್ಲಿ ಕುಳಿತುಬಿಟ್ಟಿದ್ದರು. ಅವ್ವ ಮುಖ ತಿರುಗಿಸಿದಳು. ಅವರು ಕೂಸಿನ ತಲೆ ಸವರುತ್ತ, ಊಟ ಹೇಗೆ, ಹಾಲು ಹೇಗೆ ಎಂದು ಸಹಜವಾಗಿ ಕೇಳುತ್ತ ಹೋದರು. ಅವ್ವ ಬಿರುಸಾಗಿಯೇ ಉತ್ತರ ಕೊಟ್ಟಳು, ಬಿಸಿ ಹಾಲಿನ ಮಾತೂ ಬಂತು, ಸಿರಪ್ಪಿನ ಮಾತೂ ಬಂತು, ಉಪ್ಪು ನೀರು ಬಿಟ್ಟ ಮಾತೂ ಬಂತು. ಅಕ್ಕಾರು ಹೂಂ ಎಂದರು. ಎದ್ದು ನನ್ನನ್ನು ಹೊರಗೆ ಕರೆದರು.

"ಪುಡಿ ಕೆಟ್ಟಿದ್ದಿಲ್ಲ, ತಮ್ಮಾ. ಕರೆಂಟ್ ಹೋದಾಗೆಲ್ಲ ಬರ್ಫ ತರಿಸಿ ಇಡ್ತೇನಿ, ಬರ್ಫ ಕರಗಿದ್ರ ಆ ಮಾಲು ಮಾರಂಗಿಲ್ಲ. ಸುಡೂ ಹಾಲಿನ್ಯಾಗ ಅದು ಸತ್ತೈತಿ, ಅಷ್ಟ. ಸತ್ತ ಪುಡಿ ಕೂಸಿಗೆ ಏನೂ ಮಾಡಿಲ್ಲ. ಮಾಡಿದ್ದು ನೀರು ಬಿಟ್ಟಿದ್ದು."

ಅವರು ಅಂಗಡಿಯಲ್ಲಿ ಎರಡು ಸಲ ಹೇಳಿದ ಮಾತು ಆಗ ನೆನಪಾಯಿತು. ನನ್ನ ಬಾಯಿಂದಲೇ ನಾನು ಒಪ್ಪಿಸಿದ್ದೂ ನೆನಪಾಯಿತು. ಅವರು ಅದನ್ನು ಎತ್ತಲಿಲ್ಲ. ಎತ್ತಿದ್ದು ಇನ್ನೊಂದು ಮಾತು.

"ನಿಮ್ಮವ್ವಾರಿಗೆ ಇದನ್ನ ಹೇಳಬ್ಯಾಡ್ರಿ. ಗೊತ್ತಾದ್ರ ಅವರು ಮತ್ತ ಆ ಕೂಸಿಗೆ ಕೈಯಾರೆ ಒಂದು ತುತ್ತು ಉಣಸಂಗಿಲ್ಲ."

ಹೂಂ ಎಂದೆ. ತಪ್ಪಾಯಿತು ಎಂದೂ ಹೇಳಿದೆನೇನೋ, ಹೇಳಿದ್ದರೂ ಗಂಟಲಲ್ಲೇ. ಅವರು ಮಧ್ಯಾಹ್ನದ ಬಸ್ಸಿಗೆ ಹೋದರು.

ಪಲ್ಲವಿ ನಾಲ್ಕನೆಯ ದಿನ ಮನೆಗೆ ಬಂದಳು, ವಾರದಲ್ಲಿ ಓಣಿ ತುಂಬ ಓಡಾಡಿದಳು. ಆದರೆ ಗುರುವಾರ ಮಾರುಕಟ್ಟೆಯಲ್ಲಿ ಆಡಿದ ಮಾತು ಅಂದೇ ಹತ್ತೂರಿಗೆ ಹೋಗಿತ್ತು. ಅಕ್ಕಾರ ಅಂಗಡಿಯಲ್ಲಿ ಔಷಧಿ ಕೆಟ್ಟಿರುತ್ತದಂತೆ, ಒಂದು ಕೂಸು ಸಾಯುವುದಿತ್ತಂತೆ. ಕೂಸು ಉಳಿದ ಸುದ್ದಿಗೆ ಅಷ್ಟು ಕಾಲಿರಲಿಲ್ಲ. ಇಷ್ಟು ದಿನ ಒಪ್ಪಿಸುವ ಕಾಟ ಸಹಿಸಿಕೊಂಡಿದ್ದ ಜನಕ್ಕೆ ಈಗ ಒಂದು ನೆಪ ಸಿಕ್ಕಿತು. ಎದುರಿಗೆ ಹೊಸದೊಂದು ಮೆಡಿಕಲ್ ಸ್ಟೋರ್ ಬೇರೆ ಆಯಿತು, ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ನಾನು ಆ ರಸ್ತೆ ಬಿಟ್ಟು ಹಿಂದಿನ ಓಣಿಯಿಂದ ಹೋಗಿ ಬರುವುದನ್ನು ಕಲಿತೆ. ಒಂದು ಸಲ ಆ ಕಡೆಯಿಂದಲೇ ಹೋಗಬೇಕಾಗಿ ಬಂದಾಗ ನೋಡಿದೆ: ಅಕ್ಕಾರು ಗಿರಾಕಿಯಿಲ್ಲದ ಅಂಗಡಿಯಲ್ಲಿ ನಿಂತು ಬಾಟಲಿಗಳ ಧೂಳು ಒರೆಸುತ್ತಿದ್ದರು. ಎರಡು ವರ್ಷಕ್ಕೆ ಅಂಗಡಿ ಮುಚ್ಚಿದರು.

ನಿಜ ಹೇಳಿದರೆ ಅವ್ವನ ಮನಸ್ಸು ಒಡೆಯುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳು. ಔಷಧಿ ಸರಿ ಇತ್ತು, ಹೇಳಿದ್ದನ್ನು ಮನೆಯಲ್ಲಿ ಹೇಳದೆ ಮರೆತವನು ನಾನು ಎಂದು ಮಾರುಕಟ್ಟೆಯಲ್ಲಿ ನಿಂತು ಅಂದಿದ್ದರೆ ಅವ್ವನ ಹೆಸರು ಬರುವ ಕಾರಣವೇ ಇರಲಿಲ್ಲ. ನಾನು ಕಾಪಾಡಿಕೊಂಡದ್ದು ನನ್ನ ಮಾನವನ್ನು.

ಕಡೆಯ ಸಲ ಅವರನ್ನು ಕಂಡದ್ದು ರಾಣೆಬೆನ್ನೂರಿನಲ್ಲಿ. ಅವ್ವನ ಕಾಲಿನ ಗಾಯ ಕೀವಾಗಿ ಅಲ್ಲಿಯ ಡಾಕ್ಟರಿಗೆ ತೋರಿಸಲು ಕರೆದೊಯ್ದಿದ್ದೆ. ಆ್ಯಂಟಿಬಯೋಟಿಕ್ ಮಾತ್ರೆ ಬರೆದರು, ಹೊಟ್ಟೆ ಕೆಡದಿರಲೆಂದು ಜೊತೆಗೆ ಅದೇ ಪುಡಿಯನ್ನೂ ಬರೆದರು. ಆಸ್ಪತ್ರೆಯ ಎದುರಿನ ದೊಡ್ಡ ಔಷಧಿ ಅಂಗಡಿಗೆ ಹೋದೆವು. ಮಾಲೀಕರು ಗಲ್ಲಾದಲ್ಲಿ ಕುಳಿತಿದ್ದರು, ಔಷಧಿ ಕೊಡುತ್ತಿದ್ದವರು ಅಕ್ಕಾರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

ನಾನು ಅವ್ವನ ತೋಳು ಹಿಡಿದು ತಿರುಗಿಸುವಷ್ಟರಲ್ಲಿ ಅವಳು ಗುರುತು ಹಿಡಿದಿದ್ದಳು. "ಇಕಿ ಕಡೆ ಔಷಧ ಬ್ಯಾಡ" ಎಂದಳು, ಇಡೀ ಅಂಗಡಿಗೆ ಕೇಳುವ ಹಾಗೆ. "ಬ್ಯಾಡಗ್ಯಾಗ ಇಕೀನ ನಮ್ಮ ಕೂಸಿಗೆ ಕೆಟ್ಟ ಪುಡಿ ಕೊಟ್ಟಾಕಿ."

ಮಾಲೀಕರು ತಲೆ ಎತ್ತಿದರು. ನಿಂತಿದ್ದ ಐದಾರು ಜನ ಅಕ್ಕಾರ ಕಡೆ ತಿರುಗಿದರು. ಅವರು ಅವ್ವನ ಚೀಟಿ ತೆಗೆದುಕೊಂಡು, ಮಾತ್ರೆಗಳನ್ನೂ ಪುಡಿಯನ್ನೂ ತಂದಿಟ್ಟರು. ಮಾತ್ರೆ ತಗೊಂಡು ಎರಡು ತಾಸಿಗೆ ಪುಡಿಯನ್ನು ಸಾದಾ ನೀರಲ್ಲಿ ತಗೋಬೇಕು ಎಂದರು. ಅಷ್ಟೇ. ಜೀವದ ಮಾತಿಲ್ಲ, ಹೆಪ್ಪಿನ ಮಾತಿಲ್ಲ. ಅವರ ಬಾಯಿಂದ ಅಷ್ಟು ಚಿಕ್ಕ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಅದು ಯಾಕೆಂದು ನನಗೊಬ್ಬನಿಗೆ ಗೊತ್ತಿತ್ತು.

ಅವ್ವ ಬಿಡಲಿಲ್ಲ. "ನೀರಿನ್ಯಾಗ ಯಾಕ? ಬಿಸಿ ಹಾಲಿನ್ಯಾಗ ಬರಂಗಿಲ್ಲೇನು? ಕೂಸಿಗೆ ನಾನು ಹಾಲಿನ್ಯಾಗ ಹಾಕಿ ಕೊಟ್ಟಿದ್ದೆ."

ಮಾಲೀಕರು ಔಷಧಿ ಬಲ್ಲವರು. ಅವರು ಗಲ್ಲಾ ಬಿಟ್ಟು ಏಳುತ್ತಿದ್ದರು, ಬಾಯಿ ತೆರೆದಿದ್ದರು. ಅಕ್ಕಾರು ಅವರ ಕಡೆ ಕೈ ಅಡ್ಡ ಹಿಡಿದರು. ಆಮೇಲೆ ನನ್ನನ್ನು ನೋಡಿದರು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ನೀವೇನಾದರೂ ಹೇಳುತ್ತೀರಾ ಎಂದು ಕೇಳುವ ನೋಟ ಅದು, ಅಷ್ಟೇ. ನಾನು ಗಾಜಿನ ಕಪಾಟಿನಲ್ಲಿದ್ದ ಸಾಬೂನುಗಳನ್ನು ನೋಡುತ್ತ ನಿಂತೆ.

"ನಿಮಗ ನೀರು ಛಲೋರಿ, ಅವ್ವಾರ" ಎಂದರು ಅಕ್ಕಾರು. "ಪಲ್ಲವಿ ಸಾಲಿಗೆ ಹೊಂಟಾಳ?"

ಹೊಂಟಾಳ ಎಂದಳು ಅವ್ವ, ಪೊಟ್ಟಣ ಎತ್ತಿಕೊಂಡು. ಬಸ್ಸಿನಲ್ಲಿ ಅವಳು ಖುಷಿಯಲ್ಲಿದ್ದಳು. ಎದುರಿಗೇ ಅಂದರೂ ಆಕೆ ತಿರುಗಿ ಮಾತಾಡಲಿಲ್ಲ ನೋಡು, ತಪ್ಪು ಮಾಡಿದವರಿಗೆ ಬಾಯಿ ಎಲ್ಲಿಂದ ಬರಬೇಕು ಎಂದಳು. ಕಾಕೋಳ ದಾಟುವವರೆಗೆ ಅದನ್ನೇ ಹೇಳಿದಳು.

ಆ ವಾರವೇ ಹೋಗಿ ಮಾಲೀಕರ ಮುಂದೆ ಎಲ್ಲ ಹೇಳಬೇಕೆಂದು ನಿಶ್ಚಯಿಸಿದೆ. ಹಂಗಾಮು ಶುರುವಾಯಿತು. ಹಂಗಾಮು ಮುಗಿಯಲಿ ಎಂದುಕೊಂಡೆ. ಆಮೇಲೆ ಮಳೆ. ಹೋದದ್ದು ಒಂಬತ್ತು ತಿಂಗಳ ಮೇಲೆ. ಕೌಂಟರಿನ ಹಿಂದೆ ಬೇರೆ ಯಾರೋ ಇದ್ದರು. ಅಕ್ಕಾರಿಗೆ ದೀಪಾವಳಿಯ ಮುಂಚೆ ಎದೆನೋವು ಬಂತು, ಮೇಡ್ಲೇರಿಯ ಅಣ್ಣನ ಮನೆಯಲ್ಲಿ ತೀರಿಕೊಂಡರು ಎಂದರು ಮಾಲೀಕರು. ನಾನು ಅಲ್ಲೇ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, ಗೊತ್ತಿತ್ತು, ನಿಮ್ಮ ತಾಯಿ ಹಾಲಿನ ಮಾತು ಆಡಿದಾಗಲೇ ತಿಳಿಯಿತು ಎಂದರು. ಆಮೇಲೆ ಗಿರಾಕಿಯ ಕಡೆ ತಿರುಗಿದರು.

ಊರಿಗೆ ಬಂದಾಗ ಅವ್ವ ಪಡಸಾಲೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಇನ್ನು ತಡ ಮಾಡಿದರೆ ಆಗುವುದಿಲ್ಲ ಎಂದು ಬಾಗಿಲಲ್ಲಿ ನಿಂತೇ ಹೇಳಿದೆ. ಪುಡಿ ಕೆಟ್ಟಿರಲಿಲ್ಲ, ನಿನಗೆ ಹೇಳಬೇಕಾದದ್ದನ್ನು ನಾನು ಹೇಳಲಿಲ್ಲ, ಅಕ್ಕಾರಿಗೆ ಮೊದಲ ದಿನದಿಂದ ಎಲ್ಲ ಗೊತ್ತಿತ್ತು, ನಿನಗೆ ನೋವಾಗಬಾರದೆಂದು ಅವರು ಬಾಯಿ ಬಿಡಲಿಲ್ಲ ಎಂದೆ. ಅವ್ವನ ಕೈ ನಿಂತಿತು. ಬಿಸಿ ಹಾಲಿನ ವಿಷಯವನ್ನು ಇನ್ನೊಮ್ಮೆ ಕೇಳಿ ತಿಳಿದುಕೊಂಡಳು. ಅಳಲಿಲ್ಲ.

ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಖಾರದ ಕೈಯನ್ನು ಎರಡೆರಡು ಸಲ ತೊಳೆದಳು, ಒಳಗೆ ಹೋಗಿ ಒಗೆದ ಸೀರೆ ಉಟ್ಟುಕೊಂಡು ಬಂದು ಚಪ್ಪಲಿ ಮೆಟ್ಟಿದಳು.

"ನಡಿ" ಎಂದಳು. "ನಾಲ್ಕು ಮಂದಿ ಎದುರಿಗೆ ಅಂದು ಬಂದೇನಿ. ನಾಲ್ಕು ಮಂದಿ ಎದುರಿಗೇನ ಅಕೀ ಕಾಲು ಹಿಡೀತೇನಿ. ರಾಣಿಬೆನ್ನೂರ ಬಸ್ ಎಷ್ಟೊತ್ತಿಗೈತಿ?"

ಅಕ್ಕಾರು ತೀರಿಕೊಂಡದ್ದನ್ನು ನಾನಿನ್ನೂ ಅವಳಿಗೆ ಹೇಳಿರಲಿಲ್ಲ.